ಬೆಳ್ಳಿ ಬಣ್ಣದಡಿಯ ಬಾಣ

2024ರ ಜನವರಿ. ಚಳ್ಳಕೆರೆಯ ಬಳ್ಳಾರಿ ರಸ್ತೆಯಲ್ಲಿ ನಾನು ಗ್ಯಾರೇಜು ತೆರೆದು ಆಗ ಇಪ್ಪತ್ತಾರು ವರ್ಷ ತುಂಬಿತ್ತು. ಲಾರಿ, ಟ್ರ್ಯಾಕ್ಟರು, ಮಿನಿ ಬಸ್ಸು, ಮ್ಯಾಕ್ಸಿ ಕ್ಯಾಬುಗಳಲ್ಲಿ ಗೇರ್‌ಬಾಕ್ಸಿನಿಂದ ಹಿಂದಿನ ಚಕ್ರದವರೆಗಿನ ಕೆಲಸ ನನ್ನದು. ಇಂಜಿನ್ನಿಗೆ ಊರಲ್ಲಿ ಬೇರೆಯವರಿದ್ದರು. ಗಾಡಿಯ ಹೊಟ್ಟೆಯಡಿ ಮಲಗಿ ಮಾಡುವ ಕೆಲಸವಿದ್ದರೆ ಮಾತ್ರ ಹಾನಗಲ್ಲು, ರಾಂಪುರದ ಡ್ರೈವರುಗಳು ಕೂಡ ದಾದಾಪೀರನನ್ನೇ ಹುಡುಕಿಕೊಂಡು ಬರುತ್ತಿದ್ದರು. ಇದನ್ನು ನಾನೇ ಹೇಳಿಕೊಳ್ಳುತ್ತಿದ್ದೇನೆಂದು ನಗಬೇಡಿ. ನಗುವುದಕ್ಕೆ ಮುಂದೆ ಬೇಕಾದಷ್ಟಿದೆ.

ನನ್ನ ಕೈ ಎಷ್ಟು ಪ್ರಸಿದ್ಧವೋ ಬಾಯಿಯೂ ಅಷ್ಟೇ ಪ್ರಸಿದ್ಧ. ಕೋಪ ಯಾವಾಗಲೂ ಮೂಗಿನ ತುದಿಯಲ್ಲಿ. ಇನ್ನೊಬ್ಬರು ಮಾಡಿದ ಕೆಲಸದಲ್ಲಿ ಕೊರತೆ ಕಂಡರೆ ಗಾಡಿಯ ಕೆಳಗೆ ಮಲಗಿದಲ್ಲಿಂದಲೇ ಬೈಗುಳ ಶುರು ಮಾಡುತ್ತಿದ್ದೆ. ಎದುರಿನ ಚಹಾ ಅಂಗಡಿಯವರೆಗೂ ಕೇಳಿಸುತ್ತಿತ್ತು ಎಂದು ಜನ ಹೇಳುತ್ತಾರೆ. ಇರಬಹುದು.

ಸಂಕ್ರಾಂತಿ ಕಳೆದ ವಾರ, ಶನಿವಾರ ಮಧ್ಯಾಹ್ನ, ಬಿ.ಜಿ. ಕೆರೆಯ ತಿಪ್ಪೇಸ್ವಾಮಿ ತನ್ನ ಮ್ಯಾಕ್ಸಿ ಕ್ಯಾಬ್ ತಂದು ನಿಲ್ಲಿಸಿದ. ಹದಿನಾರು ವರ್ಷ ಬೇರೆಯವರ ಗಾಡಿ ಓಡಿಸಿ, ಕೊನೆಗೆ ತನ್ನದೇ ಎಂದು ಕೊಂಡ ಗಾಡಿ ಅದು. ದಿನಾ ಬೆಳಿಗ್ಗೆ ಚಳ್ಳಕೆರೆಯಿಂದ ಮೊಳಕಾಲ್ಮುರಿಗೆ ಹದಿನಾಲ್ಕು ಜನರನ್ನು ಕೆಲಸಕ್ಕೆ ಮುಟ್ಟಿಸಿ, ಶಾಲೆ, ಆಫೀಸು ಬಿಟ್ಟ ಮೇಲೆ ವಾಪಸು ತರುವುದು ಅವನ ಕಾಯಂ ಕೆಲಸ. ಹೆಚ್ಚಿನವರು ಶಾಲಾ ಶಿಕ್ಷಕರು. ಬೈದರೂ ತಲೆ ತಗ್ಗಿಸಿ ನಗುವ ಮನುಷ್ಯ. ಅಂದು ಮಾತ್ರ ಮುಖದಲ್ಲಿ ನಗು ಇರಲಿಲ್ಲ.

"ದಾದಣ್ಣ, ನಾಳೆ ಮಧ್ಯಾಹ್ನ ರಾಯದುರ್ಗದಿಂದ ಪಾರ್ಟಿ ಬರ್ತೈತೆ. ಗಾಡಿ ಕೊಟ್ಟು ಬಿಡ್ತೀನಿ. ಅಷ್ಟರೊಳಗೆ ಒಂದ್ಸಲ ನೀವು ನೋಡ್ರಿ."

"ಯಾಕಲೇ ಕೊಡ್ತೀಯ? ಏನಾಗೈತೆ?"

"ನಡುಗ್ತೈತೆ. ಎರಡು ಸಲ ಕ್ರಾಸ್ ಹಾಕಿಸ್ದೆ, ಎರಡೂ ತಿಂಗಳು ತುಂಬೋದ್ರೊಳಗೆ ಹೋದ್ವು. ಇನ್ನು ಈ ತಿಂಗಳು ನೋಡಿ ಬೇರೆ ಗಾಡಿಗೆ ಹೋಗ್ತೀವಿ ಅಂದ್ಬಿಟ್ರು ಟೀಚರ್‌ಗಳು. ಅವರಿಲ್ದಿದ್ರೆ ಈ ಗಾಡಿ ಇಟ್ಕಂಡು ನಾನೇನು ಮಾಡ್ಲಿ? ಮತ್ತೆ ಯಾರದೋ ಸ್ಟೇರಿಂಗ್ ಹಿಡೀತೀನಿ."

ಕ್ರಾಸ್ ಎಂದರೇನೆಂದು ಹೇಳಿಬಿಡುತ್ತೇನೆ. ಗೇರ್‌ಬಾಕ್ಸಿನ ಶಕ್ತಿಯನ್ನು ಹಿಂದಿನ ಚಕ್ರಕ್ಕೆ ಒಯ್ಯುವ ಉದ್ದನೆಯ ಕೊಳವೆಗೆ ಪ್ರೊಪೆಲ್ಲರ್ ಶಾಫ್ಟ್ ಎನ್ನುತ್ತಾರೆ. ರಸ್ತೆಯ ಗುಂಡಿಗೆ ತಕ್ಕಂತೆ ಹಿಂದಿನ ಆಕ್ಸಲ್ ಏರಿಳಿಯುವಾಗ ಈ ಶಾಫ್ಟೂ ಬಾಗಬೇಕು, ಬಾಗುತ್ತಲೇ ತಿರುಗಬೇಕು. ಅದಕ್ಕೆಂದೇ ಅದರ ತುದಿಗಳಲ್ಲಿ ಯೂನಿವರ್ಸಲ್ ಜಾಯಿಂಟ್ ಇರುತ್ತದೆ. ಎದುರುಬದುರು ಎರಡು ಕವೆ, ನಡುವೆ ಕೂಡುವ ಚಿಹ್ನೆಯ ಆಕಾರದ ಉಕ್ಕಿನ ತುಂಡು, ಆ ತುಂಡಿನ ನಾಲ್ಕು ತುದಿಗೂ ಸಣ್ಣ ಬಟ್ಟಲು, ಬಟ್ಟಲೊಳಗೆ ಸೂಜಿಯಂಥ ಬೇರಿಂಗುಗಳು. ಗ್ಯಾರೇಜಿನವರ ಬಾಯಲ್ಲಿ ಇದೇ ಕ್ರಾಸ್. ಗ್ರೀಸ್ ಕಾಣುತ್ತಿದ್ದರೆ ಇದು ವರ್ಷಗಟ್ಟಲೆ ಬಾಳುತ್ತದೆ. ಒಂದೇ ತಿಂಗಳಲ್ಲಿ ಹೋಗುವ ಮಾಲಲ್ಲ.

ಗಾಡಿಯಿಂದ ಇನ್ನೊಬ್ಬರೂ ಇಳಿದಿದ್ದರು. ನಾಗರತ್ನಮ್ಮ ಟೀಚರ್. ಅವರ ಮನೆ ನನ್ನ ಗ್ಯಾರೇಜಿನ ಹಿಂದಿನ ಬೀದಿಯಲ್ಲೇ ಇದೆ, ದಿನಾ ಇಲ್ಲೇ ಇಳಿಯುತ್ತಿದ್ದರು. ಅಂದು ಮನೆಗೆ ಹೋಗದೆ ನನ್ನೆದುರು ನಿಂತರು.

"ದಾದಾಪೀರಣ್ಣ, ಇದು ಇಂಜಿನ್ ನಡುಕ ಅಲ್ಲ. ಇಳಿಜಾರಲ್ಲಿ ಗೇರ್ ತೆಗೆದು ಬಿಟ್ರೂ ನಡುಗುತ್ತೆ. ಐವತ್ತು ದಾಟಿದ ಮೇಲೆ ಶುರು, ಅರವತ್ತೈದಕ್ಕೆ ನನ್ನ ಬಳೆ ತಾವಾಗೇ ಸದ್ದು ಮಾಡ್ತವೆ. ದಸರಾ ರಜೆ ಮುಗಿಸಿ ಮೊದಲ ದಿನ ಶಾಲೆಗೆ ಹೋದ್ನಲ್ಲ, ಅವತ್ತಿನಿಂದ ಹೀಗೇ."

"ಅಷ್ಟು ದಿನ ಏನಿಲ್ಲ ಬಿಡ್ರಿ," ಎಂದ ತಿಪ್ಪೇಸ್ವಾಮಿ, ಅವಸರ ಅವಸರವಾಗಿ. "ಒಂದೆರಡು ತಿಂಗಳಿಂದ ಅಷ್ಟೇ."

"ಟೀಚರಮ್ಮ, ಪಾಠ ಶಾಲೇಲಿ ಮಾಡ್ರಿ. ಇಲ್ಲಿ ನಾನು ನೋಡ್ಕೋತೀನಿ," ಎಂದೆ ನಾನು. ಅವರು ನೀಡಿದ್ದು ಇಡೀ ರೋಗದ ಚರಿತ್ರೆ. ಅದನ್ನು ನಾನು ಕೇಳಿಸಿಕೊಂಡಿದ್ದರೆ ಒಂದು ದಿನ ಉಳಿಯುತ್ತಿತ್ತು.

ನನ್ನ ಪದ್ಧತಿಯಂತೆ ಪರೀಕ್ಷೆ ಮಾಡಿದೆ. ಮುಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಹಿಂದಿನ ಆಕ್ಸಲನ್ನು ಜ್ಯಾಕಿನಿಂದ ಎತ್ತಿ ಸ್ಟ್ಯಾಂಡಿನ ಮೇಲೆ ಕೂರಿಸಿದೆ. ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಸಡಿಲ. ಆಮೇಲೆ ಕೆಳಗೆ ಮಲಗಿ ಪ್ರತಿ ಜಾಯಿಂಟಿನ ಆಚೆ ಒಂದು ಕೈ, ಈಚೆ ಒಂದು ಕೈ ಹಿಡಿದು ಒದ್ದೆ ಬಟ್ಟೆ ಹಿಂಡುವ ಹಾಗೆ ವಿರುದ್ಧ ದಿಕ್ಕಿಗೆ ತಿರುವಿದೆ. ಒಳ್ಳೆಯ ಕ್ರಾಸಾದರೆ ಎಳ್ಳಷ್ಟೂ ಆಡಬಾರದು. ಹಿಂದಿನದು ಟಕ್ ಎಂದಿತು. ಬಟ್ಟಲಿನ ಅಂಚಿನಲ್ಲಿ ಇಟ್ಟಿಗೆ ಬಣ್ಣದ ಪುಡಿ ಕೂತಿತ್ತು. ಒಳಗಿನ ಸೂಜಿಗಳು ಒಣಗಿ ತುಕ್ಕಾಗಿ ಪುಡಿಯಾಗುತ್ತಿರುವುದಕ್ಕೆ ಅದೇ ಸಾಕ್ಷಿ. ಮುಂದಿನದು ಅಷ್ಟು ಕೆಟ್ಟಿರಲಿಲ್ಲ, ಆದರೂ ನಿಧಾನವಾಗಿ ಬಾಗಿಸಿದಾಗ ಒಂದು ಕಡೆ ಸಿಕ್ಕಿಕೊಳ್ಳುತ್ತಿತ್ತು.

"ಕಳಪೆ ಮಾಲು ಹಾಕಿದಾನೆ ಯಾವನೋ," ಎಂದು ತೀರ್ಪು ಕೊಟ್ಟು, ಶಾಫ್ಟನ್ನು ಇಡಿಯಾಗಿ ಇಳಿಸಿ, ನನಗೆ ನಂಬಿಕೆಯಿದ್ದ ಹೊಸ ಕ್ರಾಸುಗಳನ್ನು ಹಾಕಿ, ಗ್ರೀಸ್ ತುಂಬಿ ಏರಿಸಿದೆ. ಬಿಸಿಲು ಇಳಿಯುವ ಹೊತ್ತಿಗೆ ತಳಕಿನ ಕಡೆ ಟ್ರಯಲ್ ಹೊರಟೆವು. ಗಾಡಿ ಹೊರಡುವಾಗಿನ ಟಕ್ ಸದ್ದು ಮಾಯವಾಗಿತ್ತು. ನಾನು ಮೀಸೆ ತಿರುವಿದೆ. ಸ್ಪೀಡೋಮೀಟರ್ ಮುಳ್ಳು ಐವತ್ತು ದಾಟಿತು. ಸೀಟಿನ ಕೆಳಗಿಂದ ಸಣ್ಣಗೆ ನಡುಕ ಎದ್ದಿತು. ಅರವತ್ತೈದಕ್ಕೆ ಡ್ಯಾಶ್‌ಬೋರ್ಡಿನ ಮೇಲಿದ್ದ ಊದುಬತ್ತಿ ಪೊಟ್ಟಣ ಜಾರಿ ನನ್ನ ಮಡಿಲಿಗೆ ಬಿತ್ತು.

ತಿಪ್ಪೇಸ್ವಾಮಿ ಆಕ್ಸಿಲರೇಟರಿನಿಂದ ಕಾಲು ತೆಗೆದ. ಗಾಡಿಯನ್ನು ಮೆಲ್ಲಗೆ ತಿರುಗಿಸಿದ. ಅವನು ಆ ಸ್ಟೇರಿಂಗನ್ನು ಹಿಡಿದ ರೀತಿಯಲ್ಲೇ ನನಗೆ ಗೊತ್ತಾಯಿತು. ಅದನ್ನು ಬಿಟ್ಟುಕೊಡಲು ಅವನು ಆಗಲೇ ಮನಸ್ಸು ಗಟ್ಟಿ ಮಾಡಿಕೊಳ್ಳುತ್ತಿದ್ದ.

ಭಾನುವಾರ ಗ್ಯಾರೇಜಿಗೆ ರಜೆ. ಆದರೂ ಬೆಳಿಗ್ಗೆ ಏಳಕ್ಕೇ ಹೋಗಿ ಕೂತೆ. ತಿಪ್ಪೇಸ್ವಾಮಿಯೂ ಗಾಡಿ ತಂದು ನಿಲ್ಲಿಸಿದ. ಟೈರು ನೋಡಿದೆ, ಸರಿ ಇತ್ತು. ಶಾಫ್ಟಿನ ನಡುವಿನ ಬೇರಿಂಗ್ ಸರಿ ಇತ್ತು. ಇಂಜಿನ್ ಮೌಂಟಿಂಗ್ ಸರಿ ಇತ್ತು. ಆಗ ಟೀಚರ್ ಮಾತು ನೆನಪಾಯಿತು: ಗೇರ್ ತೆಗೆದರೂ ನಡುಗುತ್ತದೆ. ಅಂದರೆ ದೋಷ ಗಾಡಿಯ ವೇಗದ ಜೊತೆಗೇ ತಿರುಗುವ ವಸ್ತುವಿನಲ್ಲಿ, ಶಾಫ್ಟಿನಲ್ಲೇ ಇರಬೇಕು. ಅವರನ್ನು ಕರೆಯಲು ತಿಪ್ಪೇಸ್ವಾಮಿಯನ್ನು ಕಳಿಸಿದೆ. ಅವರು ಬಂದು ಹೇಳಿದ್ದನ್ನೇ ಮತ್ತೊಮ್ಮೆ ಹೇಳಿದರು. ಈ ಸಲ ಬಾಯಿ ಮುಚ್ಚಿ ಕೇಳಿಸಿಕೊಂಡೆ.

ಶಾಫ್ಟಿನ ಮೈ ಎಲ್ಲಾದರೂ ನೆಗ್ಗಿದೆಯೇ ನೋಡೋಣವೆಂದು ಚಿಂದಿ ಬಟ್ಟೆಗೆ ಥಿನ್ನರ್ ಹಾಕಿಕೊಂಡು ಅದರ ಬೆಳ್ಳಿ ಬಣ್ಣ ಉಜ್ಜತೊಡಗಿದೆ. ಬಣ್ಣ ದಪ್ಪಗೆ ಎರಡು ಪದರ ಬಳಿದಿತ್ತು. ಶಾಫ್ಟು ಒಂದೇ ತುಂಡಲ್ಲ, ಉದ್ದ ಹೆಚ್ಚುಕಡಿಮೆ ಆಗಲೆಂದು ಹಲ್ಲುಗಳ ಮೇಲೆ ಜಾರುವ ಒಂದು ಜೋಡಣೆ ಅದರಲ್ಲಿರುತ್ತದೆ. ಅಲ್ಲಿ ಉಜ್ಜುವಾಗ ಈಚೆ ತುಂಡಿನ ಮೇಲೆ ಕಂಪನಿಯವರು ಕೊರೆದ ಸಣ್ಣದೊಂದು ಬಾಣದ ಗುರುತು ಎದ್ದು ಬಂತು. ಆಚೆ ತುಂಡನ್ನೂ ಉಜ್ಜಿದೆ. ಅಲ್ಲೂ ಬಾಣ. ಎರಡೂ ಒಂದಕ್ಕೊಂದು ಮುಖಾಮುಖಿ ಇರಬೇಕು. ಇಲ್ಲಿ ಒಂದು ಬೆರಳಿನಗಲ ಆಚೀಚೆ ಇದ್ದವು. ಯಾರೋ ಜೋಡಿಸುವಾಗ ಒಂದು ಹಲ್ಲು ತಪ್ಪಿಸಿದ್ದರು.

ಒಂದು ಹಲ್ಲಿಗೆ ಅಷ್ಟೊಂದು ರಂಪವೇ ಎಂದು ಕೇಳಬಹುದು. ಬಾಗಿ ತಿರುಗುವ ಜಾಯಿಂಟ್ ಪ್ರತಿ ಸುತ್ತಿನಲ್ಲೂ ಎರಡು ಸಲ ಮುನ್ನುಗ್ಗಿ ಎರಡು ಸಲ ಹಿಂದೆ ಬೀಳುತ್ತದೆ. ಒಂದು ತುದಿಯ ಈ ಏರುಪೇರನ್ನು ಇನ್ನೊಂದು ತುದಿಯದು ಸರಿದೂಗಿಸಬೇಕು. ಒಂದೇ ಒರಳಿಗೆ ಇಬ್ಬರು ಹೆಂಗಸರು ಒನಕೆ ಹಾಕುವಾಗ ಒಬ್ಬಳು ಚೂರು ಲಯ ತಪ್ಪಿದರೂ ಒನಕೆಗೆ ಒನಕೆ ತಾಗುತ್ತದಲ್ಲ, ಇಲ್ಲೂ ಅದೇ. ಆ ಹೊಡೆತ ತಿಂದು ಎಂಥ ಒಳ್ಳೆಯ ಕ್ರಾಸ್ ಆದರೂ ಬೇಗ ಸವೆಯುತ್ತದೆ. ಕಳಪೆ ಮಾಲು ಎಂದು ನಾನು ಬೈದ ಕ್ರಾಸುಗಳು ಪಾಪ ನಿರಪರಾಧಿಗಳು.

ರೋಗ ಸಿಕ್ಕ ಖುಷಿಗೋ, ಹಿಂದಿನ ದಿನದ ಅವಮಾನಕ್ಕೋ, ನಾನು ಗಾಡಿಯ ಕೆಳಗಿಂದಲೇ ಗುಡುಗಿದೆ.

"ಯಾವ ಕತ್ತೆಲೇ ಇದನ್ನ ಜೋಡಿಸಿದ್ದು? ಬಾಣದ ಗುರುತಿನ ಮೇಲೆ ಬಣ್ಣ ಬಳಿದು ಕುರುಡು ಕುರುಡಾಗಿ ತುರುಕವ್ನೆ! ಅವನ ಕೈಗೆ ಸ್ಪ್ಯಾನರ್ ಕೊಟ್ಟೋರ್ಯಾರು? ಹೆಸರು ಹೇಳು ತಿಪ್ಪೇಶಿ, ಈಗಲೇ ಹೋಗಿ ವಿಚಾರಿಸ್ಕೋತೀನಿ!"

ಮಲಗಿದಲ್ಲಿಂದ ನನಗೆ ಅವನ ಚಪ್ಪಲಿ ಮಾತ್ರ ಕಾಣುತ್ತಿತ್ತು. ಹೆಬ್ಬೆರಳು ನೆಲ ಕೆರೆಯುತ್ತಿತ್ತು.

"ಹೇಳಲೇ!"

"ಬ್ಯಾಡ ಬಿಡ್ರಿ ಅಣ್ಣ."

"ಹೇಳ್ತೀಯೋ ಇಲ್ವೋ?"

"ನೀವೇ ಅಣ್ಣ," ಎಂದ ಅವನು, ತಪ್ಪು ತನ್ನದೇ ಎನ್ನುವ ದನಿಯಲ್ಲಿ. "ಆಯುಧಪೂಜೆ ಹಿಂದಿನ ದಿನ."

ನಾನು ಎದ್ದು ಕೂರಲು ಹೋಗಿ ಹಣೆಗೆ ಚಾಸಿಸ್ ಬಡಿಸಿಕೊಂಡೆ. ಎಲ್ಲ ನೆನಪಾಯಿತು. ನಮ್ಮ ಕಡೆ ಆಯುಧಪೂಜೆಗೆ ಗಾಡಿ ಮೇಲೆ ಮಾತ್ರ ಹೊಳೆದರೆ ಸಾಲದು, ಕೆಳಗೂ ಹೊಳೆಯಬೇಕು. ಚಾಸಿಸ್, ಆಕ್ಸಲ್, ಶಾಫ್ಟು, ಎಲ್ಲಕ್ಕೂ ಬೆಳ್ಳಿ ಬಣ್ಣ ಬೇಕೇ ಬೇಕು. ಕುಂಬಳಕಾಯಿ ಒಡೆದಾದ ಮೇಲೆ ಡ್ರೈವರುಗಳು ಬಗ್ಗಿ ಬಗ್ಗಿ ಒಬ್ಬರ ಗಾಡಿಯನ್ನು ಇನ್ನೊಬ್ಬರು ನೋಡುತ್ತಾರೆ. ಆ ವರ್ಷ ಎರಡು ದಿನಕ್ಕೆ ಹನ್ನೊಂದು ಗಾಡಿ ಒಪ್ಪಿಕೊಂಡಿದ್ದೆ. ತಿಪ್ಪೇಸ್ವಾಮಿಯದಕ್ಕೆ ಇನ್ನೂ ಅಂದವಾಗಿ ಮಾಡೋಣವೆಂದು ಶಾಫ್ಟನ್ನು ಎರಡು ತುಂಡಾಗಿ ಎಳೆದು, ಹಲ್ಲುಗಳಿಗೆ ಗ್ರೀಸ್ ಹಚ್ಚಿ, ಎರಡಕ್ಕೂ ಬೇರೆ ಬೇರೆಯಾಗಿ ಬಣ್ಣ ಬಳಿದು ಬಿಸಿಲಿಗೆ ಇಟ್ಟಿದ್ದೆ. ಬಿಚ್ಚುವ ಮೊದಲು ಪಂಚ್ ಹೊಡೆದು ಗುರುತು ಮಾಡಬೇಕೆಂದು ಕೆಲಸ ಕಲಿಯಲು ಬಂದ ಪ್ರತಿಯೊಬ್ಬನಿಗೂ ಹೇಳಿಕೊಟ್ಟವನು ನಾನು. ಬಾಣ ಇದೆಯಲ್ಲ ಎಂದು ಅವತ್ತು ಬಿಟ್ಟಿದ್ದೆ, ಆಮೇಲೆ ಆ ಬಾಣವನ್ನೇ ಬಣ್ಣದಡಿ ಮುಚ್ಚಿ ಕಣ್ಣಂದಾಜಿನಲ್ಲಿ ಕೂಡಿಸಿದ್ದೆ.

"ಲೇ, ಇಷ್ಟು ದಿನ ಯಾಕೆ ಹೇಳ್ಲಿಲ್ಲ? ಗಾಡಿ ಮಾರೋಕೆ ಹೊರಟಿದ್ದೆಯಲ್ಲೋ!"

"ಹೆಂಗೆ ಹೇಳ್ಲಿ ಅಣ್ಣ? ನಿಮ್ಮ ಕೆಲಸ ಸರಿ ಇಲ್ಲ ಅಂತ ನಿಮಗೇ ಹೇಳೋಕೆ ಧೈರ್ಯ ಬ್ಯಾಡ್ವಾ? ಅದಕ್ಕೇ ಬೇರೆ ಕಡೆ ಹೋದೆ. ಅವರೂ ಕ್ರಾಸ್ ಬದಲಾಯಿಸಿದ್ರು, ದಾದಣ್ಣ ಮುಟ್ಟಿದ ಶಾಫ್ಟಿನ ಜೋಡಣೆ ನಾವು ಬಿಚ್ಚಲ್ಲ ಅಂದ್ರು."

ನಾಗರತ್ನಮ್ಮ ಟೀಚರ್ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗು ತಡೆಯಲು ನೋಡಿದರು, ಆಗಲಿಲ್ಲ. ಅವರು ನಕ್ಕದ್ದು ನೋಡಿ ತಿಪ್ಪೇಸ್ವಾಮಿಗೂ ತಡೆಯಲಾಗಲಿಲ್ಲ. ಹಣೆ ಊದಿಸಿಕೊಂಡು ಗ್ರೀಸ್ ಮೆತ್ತಿದ ಮುಖದಲ್ಲಿ ನಾನೂ ನಕ್ಕೆ. ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಎದುರಿನ ಚಹಾ ಅಂಗಡಿಯವರು ಏನಾಯಿತೆಂದು ಓಡಿ ಬಂದರು. ಅವರಿಗೆ ಟೀಚರೇ ವಿವರಿಸಿದರು: "ಕತ್ತೆ ಸಿಕ್ತು!"

ಜಾರುವ ಜೋಡಣೆ ಎಳೆದು, ಬಾಣಕ್ಕೆ ಬಾಣ ಕೂಡಿಸಿ, ಮತ್ತೆ ಏರಿಸಲು ಒಂದು ಗಂಟೆ ಸಾಕಾಯಿತು. ಮೂವರೂ ಗಾಡಿ ಹತ್ತಿದೆವು. ಐವತ್ತು. ಅರವತ್ತು. ಅರವತ್ತೈದು. ತಳಕು ದಾಟಿದ ಮೇಲಿನ ನೇರ ರಸ್ತೆಯಲ್ಲಿ ಎಪ್ಪತ್ತು. ಕೊನೆ ಸೀಟಿನಲ್ಲಿ ಕೂತಿದ್ದ ಟೀಚರ್ ಕೈ ಮುಂದೆ ಚಾಚಿ ತೋರಿಸಿದರು. ಬಳೆಗಳು ಮಾತಾಡಲಿಲ್ಲ. ತಿಪ್ಪೇಸ್ವಾಮಿ ಬಿ.ಜಿ. ಕೆರೆಯವರೆಗೂ ಓಡಿಸಿ, ತನ್ನ ಮನೆ ಬಾಗಿಲಲ್ಲೇ ನಿಲ್ಲಿಸಿ, "ಅವ್ವಾ, ಗಾಡಿ ಮಾರಲ್ಲ!" ಎಂದು ಕೂಗಿದ. ಅವನ ಅವ್ವ ಹೊರಗೆ ಬಂದು ಮೊದಲು ಬಾನೆಟ್ ಸವರಿದಳು, ಆಮೇಲೆ ಮಗನ ತಲೆ ಸವರಿದಳು. ನಮಗೆಲ್ಲ ಅಲ್ಲೇ ರೊಟ್ಟಿ, ಶೇಂಗಾ ಚಟ್ನಿ ಆಯಿತು.

ನಾವು ಚಳ್ಳಕೆರೆಗೆ ವಾಪಸಾದ ಮೇಲೆ ರಾಯದುರ್ಗದವನು ಹೇಳಿದ ಹೊತ್ತಿಗೆ ಗ್ಯಾರೇಜಿಗೆ ಬಂದ. ಒಂದು ಸುತ್ತು ಓಡಿಸಿ ನೋಡಿ ಅವನಿಗೆ ಗಾಡಿ ಬಹಳ ಹಿಡಿಸಿಬಿಟ್ಟಿತು. ತಿಪ್ಪೇಸ್ವಾಮಿ ಕೈ ಮುಗಿದು ತೆಲುಗಿನಲ್ಲಿ, "ಅಮ್ಮೇದಿ ಲೇದನ್ನಾ," ಎಂದ. ಮಾರುವ ಮಾತೇ ಇಲ್ಲ ಎಂದು. ಬಂದವನಿಗೆ ಬೇಸರವಾಗದಿರಲೆಂದು ನಾನು ಅವನು ಬಂದಿದ್ದ ಗಾಡಿಯ ಕ್ರಾಸುಗಳನ್ನೂ ಹಿಂಡಿ ನೋಡಿ ಗ್ರೀಸ್ ತುಂಬಿ ಕಳಿಸಿದೆ. ಸೋಮವಾರ ಹದಿನಾಲ್ಕು ಜನವೂ ತಿಪ್ಪೇಸ್ವಾಮಿಯ ಗಾಡಿಯಲ್ಲೇ ಮೊಳಕಾಲ್ಮುರಿಗೆ ಹೋದರು.

ಆ ಹದಿನಾಲ್ಕು ಬಾಯಿಗಳಿಂದ ಕತ್ತೆಯ ಕಥೆ ಎರಡೂ ತಾಲ್ಲೂಕು ಸುತ್ತಿತು. ಬುಧವಾರ ಗೌರಸಮುದ್ರದ ಟ್ರ್ಯಾಕ್ಟರಿನವನೊಬ್ಬ ಬಂದು, ಬಾಗಿಲಲ್ಲೇ ನಿಂತು, ಅಳುಕುತ್ತಾ ಹೇಳಿದ: "ಸಾಬ್ರೆ, ಬೈಬ್ಯಾಡ್ರಿ. ಹೋದ ವರ್ಷ ನೀವು ಹಾಕಿದ ಆಯಿಲ್ ಸೀಲು ಸೋರ್ತೈತೆ." ಕೋಪ ಅಭ್ಯಾಸಬಲದಿಂದ ಮೂಗಿನವರೆಗೆ ಬಂತು. ಅದನ್ನು ನುಂಗಿ, "ಯಾವಾಗಿಂದ?" ಎಂದು ಕೇಳಿದೆ. ಡಾಕ್ಟರು ಮೊದಲು ಕೇಳುವ ಪ್ರಶ್ನೆಯನ್ನು ನಾನು ಇಪ್ಪತ್ತಾರು ವರ್ಷ ಸರಿಯಾಗಿ ಕೇಳಿರಲಿಲ್ಲ. ಕೇಳಿದ್ದರೂ ನಿಜ ಹೇಳುವ ಧೈರ್ಯ ಯಾರಿಗೂ ಉಳಿಸಿರಲಿಲ್ಲ. ನನ್ನ ಕೆಲಸದ ಮೇಲೆ ದೂರುಗಳು ಬರುವುದಿಲ್ಲವೆಂದು ನಾನು ಮೆರೆಯುತ್ತಿದ್ದೆ. ಅವು ಬರುತ್ತಿದ್ದವು, ಆದರೆ ನನ್ನ ಬಾಗಿಲಿಗೆ ಹೆದರಿ ಬೇರೆ ಗ್ಯಾರೇಜಿಗೆ ಹೋಗುತ್ತಿದ್ದವು.

ಶನಿವಾರದೊಳಗೆ ಅಂಥವು ಇನ್ನೂ ಮೂರು ಬಂದವು. ಎರಡರಲ್ಲಿ ತಪ್ಪು ನನ್ನದೇ ಆಗಿತ್ತು. ನಾಲ್ಕು ಜನರಿಗೂ ಚಹಾ ತರಿಸಿ, ಪಕ್ಕದಲ್ಲಿ ಕೂರಿಸಿಕೊಂಡು ಅವರು ಹೇಳುವುದನ್ನು ಪೂರ್ತಿ ಕೇಳಿ, ಆಮೇಲೆ ಗಾಡಿಯ ಕೆಳಗೆ ಹೋದೆ. ಗ್ಯಾರೇಜು ತೆರೆದ ಮೇಲೆ ಅಷ್ಟು ಒಳ್ಳೆಯ ವಾರ ನನಗೆ ಇನ್ನೊಂದು ಸಿಕ್ಕಿರಲಿಲ್ಲ.