ಪ್ರೆಸ್ಸಿನ ಪಕ್ಕದ ಜೇಡಗಳು

ಮೋಟಾರು ತಿರುಗಿಸುವ ಬೇರಿಂಗ್ ಕೆಟ್ಟಿದೆಯೋ ಇಲ್ಲವೋ ತಿಳಿಯಲು ನಾವು ಪೀಣ್ಯದ ಕಾರ್ಖಾನೆಗಳವರು ಸ್ಕ್ರೂಡ್ರೈವರಿನ ಮೊನೆಯನ್ನು ಮೋಟಾರಿಗೆ ಒತ್ತಿ, ಹಿಡಿಯನ್ನು ಕಿವಿಗೆ ಆನಿಸುತ್ತೇವೆ. ನನ್ನ ಹೊಟ್ಟೆಪಾಡೇ ಅದು. ಆಮೇಲೆ ಕಂಪನ ಅಳೆಯುವ ಯಂತ್ರ ಬಂತು. ಆದರೂ ಕಿವಿಯ ಮೇಲಿನ ನಂಬಿಕೆ ಹೋಗಲಿಲ್ಲ. ಆ ಯಂತ್ರವನ್ನು ಕೇಳಿಕೊಂಡು ಒಬ್ಬ ಸಂಶೋಧಕ ನಮ್ಮ ವರ್ಕ್‌ಶಾಪಿಗೆ ಬಂದ. ತುಮಕೂರು ರಸ್ತೆಯಲ್ಲಿ ಮೆಟ್ರೊ ಕಂಬಗಳು ಏಳುತ್ತಿದ್ದ ದಿನಗಳವು.

ಆತ ಅಧ್ಯಯನ ಮಾಡುತ್ತಿದ್ದದ್ದು ಜೇಡಗಳ ಸಂವಹನವನ್ನಂತೆ. ಆಫ್ರಿಕಾದ ದೈತ್ಯ ಬಬೂನ್ ಜೇಡ: ಅಂಗೈಯಗಲ, ಮೈತುಂಬ ಕಂದು ಕೂದಲು, ಕೋತಿಯ ಬೆರಳಿನಂಥ ಕಾಲು. ಯಾರೋ ಶೋಕಿಗೆ ಸಾಕಿ, ಬೇಸತ್ತು ಕೊಟ್ಟ ಒಂದು ಗಂಡು, ಒಂದು ಹೆಣ್ಣು. ಹೆಣ್ಣನ್ನು ಕರೆಯಲು ಗಂಡು ಕಾಲಿನಿಂದ ನೆಲ ಬಡಿಯುತ್ತದೆ. ಮನಸ್ಸಿದ್ದರೆ ಹೆಣ್ಣೂ ತಿರುಗಿ ಬಡಿಯುತ್ತದೆ. ಮನಸ್ಸಿಲ್ಲದ ಹೆಣ್ಣಿನ ಹತ್ತಿರ ಹೋದರೆ ಗಂಡಿನ ಕತೆ ಮುಗಿಯಿತು. ಇಷ್ಟನ್ನು ಆತ ನನಗೆ ಒಂದನೇ ತರಗತಿಯ ಮಗುವಿಗೆ ಹೇಳುವಂತೆ ಮೂರು ಸಲ ಹೇಳಿದ. ಇಷ್ಟೆಲ್ಲ ಬಲ್ಲ ಮಹಾಶಯ ಪ್ರಯೋಗಕ್ಕೆ ಹಿಡಿದ ಜಾಗವೋ, ತಗಡು ಕತ್ತರಿಸುವ ಪವರ್ ಪ್ರೆಸ್ಸಿನ ಶೆಡ್ಡಿಗೆ ಅಂಟಿಕೊಂಡ ಕೋಣೆ.

ಯಂತ್ರ ಕೂರಿಸಲು ಹೋದ ದಿನ ಸ್ಕ್ರೂಡ್ರೈವರನ್ನು ಗಂಡಿನ ಗಾಜಿನ ಪೆಟ್ಟಿಗೆಗೆ ಆನಿಸಿದೆ. ಸಂಕೋಚದ ನೆಂಟ ಬಾಗಿಲು ತಟ್ಟುವಂತೆ ಮೆಲ್ಲನೆ ಬಡಿಯುತ್ತಿತ್ತು. ನಿಲ್ಲಿಸಿ, ಕಾದು, ಮತ್ತೆ ಬಡಿಯುತ್ತಿತ್ತು. ಹೇಳಲು ನಾಚಿಕೆ, ಆದರೆ ಅದನ್ನು ಕೇಳಲೆಂದೇ ಮರುದಿನವೂ ಹೋದೆ.

ನಾಲ್ಕನೆಯ ದಿನ ಆತ ಹೆಣ್ಣಿನ ಪೆಟ್ಟಿಗೆಗೆ ಕೂರಿಸಿದ ಯಂತ್ರದ ಗ್ರಾಫ್ ತೋರಿಸಿ, ಹೆಣ್ಣು ಉತ್ತರ ಕೊಡುತ್ತಿದೆ ಎಂದು ಬೀಗಿದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇಲ್ಲಿ ನೆಲವೇ ಕುಣಿಯುತ್ತಿತ್ತು, ಪಂಡಿತನಿಗೆ ಗೊತ್ತಾಗಲಿಲ್ಲ. ಅದು ಪಕ್ಕದ ಪ್ರೆಸ್ಸಿನ ಹೊಡೆತ, ಊಟದ ಹೊತ್ತಿಗೆ ನಿಲ್ಲುತ್ತದೆ ನೋಡಿ ಎಂದೆ. ಮಧ್ಯಾಹ್ನ ಹೆಣ್ಣು ವಿಶ್ರಾಂತಿ ತೆಗೆದುಕೊಳ್ಳುತ್ತದೆ ಎಂದ. ಇಂಥವರಿಗೆ ಓದು ಹೆಚ್ಚಿದಷ್ಟೂ ಕಿವಿ ಮುಚ್ಚುತ್ತದೆ.

“ನೀವು ಡಿಪ್ಲೊಮಾ ಅಲ್ವಾ? ಇದು ಬೇರಿಂಗ್ ಅಲ್ಲ ಕಣ್ರೀ, ಜೀವ ಇರೋದು. ನಿಮ್ಗೆ ಅರ್ಥ ಆಗಲ್ಲ ಬಿಡಿ.”

ಮೈಯೆಲ್ಲ ಉರಿದುಹೋಯಿತು.

ಮುಂದಿನ ವಾರ ಎರಡನ್ನೂ ಸೇರಿಸುವ ದಿನ. ಒಂದೇ ಪೆಟ್ಟಿಗೆ, ನಡುವೆ ಒಂದು ಗಾಜಿನ ಹಲಗೆ. ಗಂಡು ಬಡಿಯಿತು. ನನ್ನ ಸ್ಕ್ರೂಡ್ರೈವರ್ ಹೆಣ್ಣಿನ ಕಡೆಗಿತ್ತು. ಅಲ್ಲಿಂದ ಸದ್ದೇ ಇಲ್ಲ. ಅಷ್ಟರಲ್ಲಿ ಗೋಡೆಯಾಚೆ ಪ್ರೆಸ್ಸು ಧಡ್ ಎಂದಿತು, ಗ್ರಾಫ್ ನೆಗೆಯಿತು. ಆತ ಗೆದ್ದವನಂತೆ ನನ್ನತ್ತ ನೋಡಿ ಹಲಗೆಗೆ ಕೈ ಹಾಕಿದ. ನಾನು ಬಾಯಿ ಬಿಡಲಿಲ್ಲ. ಆತನಿಗೆ ಮುಖಭಂಗವಾಗಲಿ, ನೋಡೋಣ ಎಂದು ಕೈಕಟ್ಟಿ ನಿಂತೆ.

ಗಂಡು ಹೆಣ್ಣಿನತ್ತ ನಡೆದುಹೋಯಿತು. ಹೆಣ್ಣು ಮುಂಗಾಲೆತ್ತಿ ಬುಸ್ಸೆಂದಿತು. ಆತ ಇಕ್ಕಳ ಹುಡುಕುವಷ್ಟರಲ್ಲಿ ಗಂಡಿನ ಕತೆ ಮುಗಿದಿತ್ತು.

ಆತ ಗ್ರಾಫಿನ ಆ ನೆಗೆತದ ಮೇಲೆ ಬೆರಳಿಟ್ಟ. ನಿಮಗೇನು ಕೇಳಿಸಿತು ಎಂದು ಮೊದಲ ಸಲ ನನ್ನನ್ನು ಕೇಳಿದ. ಬರೀ ಪ್ರೆಸ್ಸು ಎಂದೆ.

“ಮತ್ತೆ ಯಾಕ್ರೀ ಹೇಳ್ಲಿಲ್ಲ?”

“ನಂಗೆ ಅರ್ಥ ಆಗಲ್ಲ ಅಂದಿದ್ರಲ್ಲ ಸಾರ್.”

ಈ ಮಾತನ್ನು ವಾರವಿಡೀ ನಾಲಗೆಯ ತುದಿಯಲ್ಲಿಟ್ಟುಕೊಂಡು ಕಾದಿದ್ದೆ. ಆಡಿದ ಮೇಲೆ ನನ್ನ ಮೇಲೇ ಹೇಸಿಗೆಯಾಯಿತು. ಆತ ತಿಳಿಯದೆ ಹಲಗೆ ತೆಗೆದ. ನಾನು ತಿಳಿದೂ ತೆಗೆಯಲು ಬಿಟ್ಟೆ. ಆ ಕೋಣೆಯಲ್ಲಿ ಹೇಳಬೇಕಾದ್ದನ್ನು ಸರಿಯಾಗಿ ಹೇಳಿದ್ದು ಆ ಗಂಡು ಜೇಡವೊಂದೇ.