ಹೊಂಗೆದೊಡ್ಡಿಯ ಅಧ್ಯಕ್ಷರ ಕೊಠಡಿ

ಲತಾಮಣಿ ಗ್ರಾಮ ಪಂಚಾಯಿತಿ ಅಧ್ಯಕ್ಷೆಯಾಗಿ ಆಯ್ಕೆಯಾದ ದಿನ ಹಾರ ಬಿದ್ದದ್ದು ಅಶ್ವಥನ ಕೊರಳಿಗೆ. ಪಟಾಕಿ ಹಚ್ಚಿದವರು, ಜೈಕಾರ ಕೂಗಿದವರು, ಹೊಂಗೆದೊಡ್ಡಿಯಿಂದ ಕೂಟಗಲ್‌ವರೆಗೆ ಬೈಕಿನಲ್ಲಿ ಮೆರವಣಿಗೆ ಹೋದವರು, ಎಲ್ಲರೂ ಅವನ ಹುಡುಗರೇ. ಲತಾಮಣಿ ಹಿಂದೆ ಸೆರಗು ಹೊದ್ದು ನಿಂತಿದ್ದಳು. ಯಾರೋ ಕೈಗೆ ಕೊಟ್ಟ ಲಾಡನ್ನು ತಿನ್ನಲೂ ಆಗದೆ ಇಡಲೂ ಆಗದೆ ಹಿಡಿದುಕೊಂಡೇ ಇದ್ದಳು.

ಊರಿನಲ್ಲಿ ಇದು ಯಾರಿಗೂ ವಿಚಿತ್ರ ಅನ್ನಿಸಲಿಲ್ಲ. ಹಿಂದಿನ ಅವಧಿಯಲ್ಲಿ ಅಶ್ವಥನೇ ಅಧ್ಯಕ್ಷನಾಗಿದ್ದ, ಈಗಲೂ ಸದಸ್ಯ. ಈ ಸಲ ಗಾದಿ ಮಹಿಳೆಗೆ ಮೀಸಲಾದಾಗ, ಹೇಳಿದ ಕಡೆ ರುಜು ಹಾಕುವ ಹೆಣ್ಣುಮಗಳೊಬ್ಬಳು ಅವನಿಗೆ ಬೇಕಾಗಿದ್ದಳು. ಲತಾಮಣಿಯನ್ನು ಸದಸ್ಯೆಯಾಗಿ ನಿಲ್ಲಿಸಿ ಗೆಲ್ಲಿಸಿದವನೂ ಅವನೇ. ಅವಳು ಜಾಸ್ತಿ ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ. ಗಂಡ ಸ್ವಾಮಿ ಓಡಿಸುತ್ತಿದ್ದ ಟೆಂಪೋಗೆ ಬಾಡಿಗೆ ಸಿಗುತ್ತಿದ್ದುದೂ ಅರ್ಧಕ್ಕರ್ಧ ಅಶ್ವಥನ ಕಡೆಯಿಂದಲೇ.

ಲತಾಮಣಿ ಹುಟ್ಟಿದ್ದು ಮಾಗಡಿ ತಾಲ್ಲೂಕಿನ ಕಲ್ಯದಲ್ಲಿ. ಅಪ್ಪ ಕೆಂಪಯ್ಯನಿಗೆ ಒಂದಿಷ್ಟು ರಾಗಿ ಹೊಲ, ನಾಲ್ಕಾರು ಹುಣಸೆ ಮರ. ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಅಮ್ಮ ಹಾಸಿಗೆ ಹಿಡಿದಳು, ಸ್ಕೂಲು ಅಲ್ಲಿಗೆ ನಿಂತಿತು. ಮದುವೆಯಾಗಿ ಹೊಂಗೆದೊಡ್ಡಿಗೆ ಬಂದ ಮೇಲೆ ರಾಮನಗರದ ರೇಷ್ಮೆ ಫಿಲೇಚರಿಗೆ ಕೆಲಸಕ್ಕೆ ಸೇರಿದಳು. ಕುದಿಯುವ ನೀರಿನಲ್ಲಿ ಗೂಡು ಬೇಯಿಸಿ, ಎಳೆ ಹುಡುಕಿ, ನೂಲು ಬಿಚ್ಚುವ ಕೆಲಸ. ಬೆಂದ ಹುಳುವಿನ ವಾಸನೆ ಎಷ್ಟು ಸೋಪು ಹಾಕಿದರೂ ಕೈಬಿಟ್ಟು ಹೋಗುತ್ತಿರಲಿಲ್ಲ. ಮಗಳು ಪ್ರತಿಮಾ ಕೂಸಾಗಿದ್ದಾಗ ಮನೆಯಲ್ಲಿ ನೋಡಿಕೊಳ್ಳುವವರು ಯಾರೂ ಇರಲಿಲ್ಲ. ಮಗುವನ್ನು ಜೊತೆಗೇ ಕರೆದೊಯ್ದು, ಅಂಬೆಗಾಲಿಟ್ಟು ಕುದಿನೀರಿನ ಬಾಂಡ್ಲಿಯ ಹತ್ತಿರ ಬಾರದಂತೆ ಹಳೇ ಸೀರೆಯಿಂದ ಕಂಬಕ್ಕೆ ಕಟ್ಟಿ ಕೂರಿಸುತ್ತಿದ್ದಳು. ಅಲ್ಲಿ ಎಲ್ಲ ತಾಯಂದಿರೂ ಮಾಡುತ್ತಿದ್ದುದು ಅದನ್ನೇ. ಆ ಪ್ರತಿಮಾ ಈಗ ರಾಮನಗರದಲ್ಲಿ ನರ್ಸಿಂಗ್ ಓದುತ್ತಿದ್ದಳು.

ಅಧ್ಯಕ್ಷೆಯಾದ ಮೊದಲ ತಿಂಗಳುಗಳಲ್ಲಿ ಲತಾಮಣಿ ಹೇಳಿದ ಕಡೆ ರುಜು ಹಾಕಿದಳು. ಹೊಸದಾಗಿ ಕಟ್ಟಿದ ಪಂಚಾಯಿತಿ ಕಚೇರಿಯಲ್ಲಿ ಅಧ್ಯಕ್ಷರಿಗೆಂದೇ ದೊಡ್ಡ ಕೊಠಡಿ ಇತ್ತು. ಗ್ರಾನೈಟ್ ನೆಲ, ಎ.ಸಿ., ಪೂರ್ವಕ್ಕೆ ಎರಡು ದೊಡ್ಡ ಕಿಟಕಿ, ಒಳಗೇ ಬಚ್ಚಲು. ಅಲ್ಲಿನ ತಿರುಗುವ ಕುರ್ಚಿಯಲ್ಲಿ ಅಶ್ವಥ ಕೂರುತ್ತಿದ್ದ. ಎದುರಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಅವಳು.

ಕಾಲ ಚೆನ್ನಾಗಿರಲಿಲ್ಲ. ಅಕ್ಕಿ, ಎಣ್ಣೆ, ಮಕ್ಕಳ ಫೀಜು ಎಲ್ಲ ಮೇಲೇರಿದ್ದವು. ನೂಲಿಗೆ ಗಿರಾಕಿ ಕಮ್ಮಿಯಾಗಿ ಫಿಲೇಚರುಗಳು ಒಂದೊಂದಾಗಿ ಬಾಗಿಲು ಹಾಕುತ್ತಿದ್ದವು. ಹಾರೋಹಳ್ಳಿ ಕಡೆ ಫ್ಯಾಕ್ಟರಿಗೆ ಹೋಗುತ್ತಿದ್ದ ಗಂಡಸರಲ್ಲಿ ಎಷ್ಟೋ ಜನ ಮನೆಗೆ ಬಂದು ಕೂತಿದ್ದರು. ಹೀಗಾಗಿ ಬಾಣಂತನ ಮುಗಿಯುವ ಮೊದಲೇ ಹೆಂಗಸರು ಕೆಲಸಕ್ಕೆ ಓಡಬೇಕಾಗಿತ್ತು. ಬಿಟ್ಟರೆ ಆ ಜಾಗಕ್ಕೆ ಇನ್ನೊಬ್ಬರು ಕಾದಿರುತ್ತಿದ್ದರು.

ಆ ದಿನಗಳಲ್ಲೇ ಜಾರಾಳ ಮಗ ಕಾಲು ಸುಟ್ಟುಕೊಂಡ. ಜಾರಾ ಅದೇ ಊರಿನವಳು, ಲತಾಮಣಿಯ ಪಕ್ಕದ ಬಾಂಡ್ಲಿಯಲ್ಲಿ ವರ್ಷಗಟ್ಟಲೆ ದುಡಿದವಳು. ಕಂಬಕ್ಕೆ ಕಟ್ಟಿದ್ದ ಸೀರೆಯ ಗಂಟು ಸಡಿಲವಾಗಿ ಮಗು ಕುದಿನೀರಿನ ತನಕ ತೆವಳಿತ್ತು. ಸುದ್ದಿ ತಿಳಿದು ಲತಾಮಣಿ ಆಸ್ಪತ್ರೆಗೆ ಓಡಿದಾಗ ಜಾರಾ ಅಳುತ್ತಿರಲಿಲ್ಲ. ಗೋಡೆ ನೋಡುತ್ತ ಕೂತಿದ್ದಳು.

"ಗಂಟು ನಾನೇ ಹಾಕಿದ್ದು ಲತಕ್ಕ," ಎಂದಳು. "ಬಿಗಿಯಾಗಿ ಹಾಕುದ್ರೆ ಮಗೀಗೆ ನೋವಾಯ್ತದೆ ಅಂತ ಒಸಿ ಸಡ್ಲ ಬುಟ್ಟಿದ್ದೆ."

ಮಗು ಉಳಿಯಿತು, ಕಾಲೂ ಉಳಿಯಿತು. ಆದರೆ ಲತಾಮಣಿಗೆ ಆ ಮಾತು ತಲೆಯಿಂದ ಹೋಗಲಿಲ್ಲ. ಅದೃಷ್ಟವೊಂದು ಕೈಹಿಡಿಯದಿದ್ದರೆ ತನ್ನ ಪ್ರತಿಮಾಳಿಗೂ ಹೀಗೇ ಆಗಬಹುದಿತ್ತು.

ಮುಂದಿನ ವಾರ ಪಂಚಾಯಿತಿ ಸಭೆ. ಮೊದಲ ವಿಷಯ, ಊರ ಬಾಗಿಲಿಗೆ ಸ್ವಾಗತ ಕಮಾನು. ನಾಯಕರ ಮುಖಗಳನ್ನು ಕೆತ್ತಿಸಿ, ರಾತ್ರಿ ಬಣ್ಣದ ದೀಪ ಉರಿಯುವ ಹಾಗೆ. ಕೈಯಲ್ಲಿದ್ದ ಅನುದಾನವೆಲ್ಲ ಅದಕ್ಕೇ ಆಗುತ್ತಿತ್ತು. ಕೊನೆಯಲ್ಲಿ ಪಿಡಿಒ ಸುಮನಾ ಮತ್ತೊಂದು ವಿಷಯ ಓದಿದರು. ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳಿಗಾಗಿ ಕೂಸಿನ ಮನೆ ತೆರೆಯಬೇಕೆಂದು ಸರ್ಕಾರದ ಆದೇಶ ಬಂದಿತ್ತು.

"ಅದ್ಕೇನಂತೆ?" ಎಂದ ಅಶ್ವಥ. "ಹಿಂದ್ಗಡೆ ಹಳೇ ಗೋಡೌನ್ ಐತಲ್ಲ, ಸುಣ್ಣ ಹೊಡ್ಸಿ, ಗೋಡೆ ಮೇಲೆ ಒಂದು ಗಿಣಿ, ಒಂದು ಆನೆ ಬರ್ಸಿ. ಫೋಟೋ ತೆಗ್ದು ಮ್ಯಾಕೆ ಕಳ್ಸುದ್ರಾಯ್ತು."

ಎಲ್ಲರೂ ತಲೆಯಾಡಿಸಿದರು. ಅಷ್ಟರಲ್ಲಿ ಪ್ಲಾಸ್ಟಿಕ್ ಕುರ್ಚಿಯಿಂದ ಮಾತು ಬಂತು.

"ಆ ಗೋಡೌನ್‌ನಾಗೆ ಚೇಳು ಅವೆ ಕಣಣ್ಣ. ಮಳೆ ಬಂದ್ರೆ ಮೊಳಕಾಲುದ್ದ ನೀರು. ಅಲ್ಲಿ ಯಾರ ಮಕ್ಕಳ್ನ ಮಲಗ್ಸೋದು?"

ಅಶ್ವಥ ನಕ್ಕ. ಅವನು ಕೆಟ್ಟ ಮನುಷ್ಯನೇನಲ್ಲ. ಊರಿಗೆ ರಸ್ತೆ ತಂದವನು, ಬಸ್ಸು ತಂದವನು. "ನೋಡವ್ವ ಲತಾ," ಎಂದು ಸಮಾಧಾನವಾಗಿಯೇ ಬಿಡಿಸಿ ಹೇಳಿದ, "ಕಮಾನು ಕಟ್ಟುದ್ರೆ ದೊಡ್ಡೋರು ಉದ್ಘಾಟನೆಗೆ ಬತ್ತಾರೆ. ಬಂದೋರತ್ರ ನಾವು ಏನಾರ ಕೇಳ್ಬೋದು. ಕೂಸಿನ ಮನೆ ನೋಡಕ್ಕೆ ಯಾರವ್ವ ಬತ್ತಾರೆ? ಕೂಸ್ಗಳಿಗೆ ವೋಟ್ ಐತಾ?"

"ಅವರವ್ವಂದಿರ್ಗೆ ಐತಲ್ಲಣ್ಣ," ಎಂದಳು ಲತಾಮಣಿ. "ಗ್ರಾಮಸಭೆ ಕರಿಯಾನ. ಯಾವ್ದು ಮೊದ್ಲು ಅಂತ ಊರೇ ಹೇಳ್ಲಿ."

ಅಶ್ವಥ ಒಪ್ಪಿದ. ಗ್ರಾಮಸಭೆ ಎಂದರೆ ಹೇಗಿರುತ್ತದೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಬೆಳಿಗ್ಗೆ ಹನ್ನೊಂದಕ್ಕೆ ಶಾಮಿಯಾನ, ಅದರಡಿ ಅವನ ಹುಡುಗರು, ಕಂಟ್ರಾಕ್ಟರುಗಳು. ಹೆಂಗಸರೆಲ್ಲ ಆ ಹೊತ್ತಿಗೆ ಫಿಲೇಚರಿನಲ್ಲಿ ಇಲ್ಲವೇ ಹೊಲದಲ್ಲಿ.

ಲತಾಮಣಿಗೂ ಅದು ಗೊತ್ತಿತ್ತು. ಎಲ್ಲರೂ ಹೋದ ಮೇಲೆ ಸುಮನಾರ ಮೇಜಿನ ಹತ್ತಿರ ಹೋಗಿ ಕೇಳಿದಳು. "ಮೇಡಂ, ಸಭೆನ ಬೆಳಿಗ್ಗೆನೇ ಮಾಡ್ಬೇಕು ಅಂತ ರೂಲ್ ಐತಾ?"

ಸುಮನಾ ಸ್ವಲ್ಪ ಯೋಚಿಸಿದರು. "ಇಲ್ಲ ಮೇಡಂ. ಮುಂಚೆನೇ ಊರಿಗೆಲ್ಲ ತಿಳಿಸ್ಬೇಕು, ಕೋರಂ ಆಗ್ಬೇಕು. ಇಂಥ ಹೊತ್ತಿಗೇ ಅಂತ ಯಾರೂ ಕಟ್ಟುಪಾಡು ಹಾಕಿಲ್ಲ."

"ಅಂಗಾದ್ರೆ ಸಾಯಂಕಾಲ ಮಾಡಾನ. ಫಿಲೇಚರ್ ಬಸ್ ಬಂದ್ಮೇಲೆ."

ನೋಟಿಸು ಗೋಡೆಗೆ ಬಿದ್ದ ದಿನವೇ ಅಶ್ವಥ ಅವಳ ಮನೆ ಬಾಗಿಲಿಗೆ ಬಂದ. ಒಳಗೆ ಬರಲಿಲ್ಲ, ಕಾಫಿಯನ್ನೂ ಮುಟ್ಟಲಿಲ್ಲ. ಲತಾಮಣಿಯೊಂದಿಗೆ ಮಾತಾಡದೆ ಸ್ವಾಮಿಯನ್ನೇ ಕೇಳಿದ.

"ಏನ್ಲಾ ಸ್ವಾಮಿ, ನಿನ್ನೆಂಡ್ರುಗೆ ಒಸಿ ಬುದ್ಧಿ ಹೇಳಕ್ಕಿಲ್ವಾ? ಮೆಂಬರ್‌ಗಳ್ನ ಒಟ್ಟು ಮಾಡಿ ಅವಿಶ್ವಾಸ ತಂದ್ಬುಟ್ರೆ ಕುರ್ಚಿ ಹೋಯ್ತದೆ. ಆಮ್ಯಾಕೆ ನಿನ್ ಟೆಂಪೋ ಬಾಡ್ಗೆ ಕತೆ ಏನಾಯ್ತದೋ ನಂಗೊತ್ತಿಲ್ಲ ಕಣ್ಲಾ."

ಸ್ವಾಮಿ ತಲೆ ತಗ್ಗಿಸಿ ನಿಂತ. ಅಶ್ವಥ ಹೋದ ಮೇಲೂ ಹಾಗೇ ನಿಂತಿದ್ದ. ಗಂಡ ಬೇಡವೆಂದರೆ ಏನು ಮಾಡುವುದೆಂದು ಲತಾಮಣಿ ಯೋಚಿಸಿರಲಿಲ್ಲ.

ಕೊನೆಗೆ ಸ್ವಾಮಿ ಟೆಂಪೋದ ಕಡೆ ನೋಡಿದ. "ಪ್ರತಿಮಾನ ಕಂಬುಕ್ಕೆ ಕಟ್ಟಿರೋದು ನಾನೂ ಕಂಡಿವ್ನಿ ಕಣೆ," ಎಂದ. "ಒಂದಿನ ಗೂಡು ಇಳ್ಸಕ್ಕೆ ಬಂದಿದ್ದೆ. ನೋಡಕ್ಕಾಗ್ದೆ ಹಂಗೇ ವಾಪಸ್ ಹೋಗ್ಬುಟ್ಟೆ. ನಿಂಗೆ ಹೇಳಿರ್ಲಿಲ್ಲ." ಟೆಂಪೋದ ಕೀಲಿ ಕೈಗೆತ್ತಿಕೊಂಡು, "ಮೈಕ್ ಬಾಡ್ಗೆಗೆ ತತ್ತೀನಿ. ನೀನೇ ಕೂಗು," ಎಂದ.

ಮಾರನೇ ದಿನ ಅದೇ ಟೆಂಪೋದಲ್ಲಿ ಲತಾಮಣಿ ಊರೂರು ಸುತ್ತಿದಳು. ಮೊದಮೊದಲು ಅವಳ ದನಿ ಮೈಕಿನಲ್ಲೂ ಪಿಸುಪಿಸು ಎನ್ನುತ್ತಿತ್ತು. ಪಂಚಾಯಿತಿಯ ಕೊನೆಯ ಹಳ್ಳಿಗೆ ಬರುವ ಹೊತ್ತಿಗೆ ಹಿಪ್ಪುನೇರಳೆ ತೋಟದಲ್ಲಿ ಸೊಪ್ಪು ಕೊಯ್ಯುತ್ತಿದ್ದವರು ನಿಂತು ತಿರುಗಿ ನೋಡುವಷ್ಟು ಗಟ್ಟಿಯಾಗಿತ್ತು.

ಸಭೆಯ ದಿನ ಸಂಜೆ ಬಸ್ಸು ಬಂದು ನಿಂತಿತು. ಇಳಿದ ಹೆಂಗಸರು ಮನೆ ದಾರಿ ಹಿಡಿಯಲಿಲ್ಲ. ಊಟದ ಡಬ್ಬಿಯ ಚೀಲ ಹಿಡಿದು, ನೀರಿನಲ್ಲಿ ನೆನೆದು ಸುಕ್ಕುಗಟ್ಟಿದ ಬಿಳಿಚಿದ ಕೈಗಳನ್ನು ಸೆರಗಿಗೆ ಒರೆಸಿಕೊಳ್ಳುತ್ತ ನೇರ ಶಾಮಿಯಾನಕ್ಕೆ ನಡೆದು ಬಂದರು. ಹೊಲದಿಂದ ಬಂದವರು, ಗಾರ್ಮೆಂಟ್ಸಿನಿಂದ ಬಂದವರು, ಸೊಂಟದ ಮೇಲೆ ಮಗು ಹೊತ್ತವರು. ಕುರ್ಚಿಗಳು ಮುಗಿದವು. ಜನ ನೆಲದ ಮೇಲೆ ಕೂತರು, ರಸ್ತೆಯ ತನಕ ನಿಂತರು. ರುಜು ಹಾಕಿಸಿಕೊಳ್ಳುತ್ತಿದ್ದ ಸುಮನಾರಿಗೆ ತಲೆ ಎತ್ತಲು ಪುರುಸೊತ್ತಾಗಲಿಲ್ಲ. ಹೊಂಗೆದೊಡ್ಡಿ ಅಂಥ ಗ್ರಾಮಸಭೆಯನ್ನು ಕಂಡೇ ಇರಲಿಲ್ಲ.

ಮೊದಲು ಅಶ್ವಥ ಮಾತಾಡಿದ. ಚೆನ್ನಾಗಿಯೇ ಮಾತಾಡಿದ. ಊರಿಗೆ ಹೆಸರು ಬೇಕು, ಹೆಸರಿದ್ದರೆ ಅನುದಾನ ಬರುತ್ತದೆ, ಅಕ್ಕಪಕ್ಕದ ಊರುಗಳಲ್ಲೆಲ್ಲ ಕಮಾನು ಎದ್ದಿದೆ, ನಾವೇನು ಕಮ್ಮಿ ಎಂದ. ಹುಡುಗರು ಶಿಳ್ಳೆ ಹಾಕಿದರು.

ಆಮೇಲೆ ಲತಾಮಣಿ ಎದ್ದಳು. ಬರೆದುಕೊಂಡು ಬಂದದ್ದು ಏನೂ ಇರಲಿಲ್ಲ.

"ಅಶ್ವಥಣ್ಣ ಹೇಳಿದ್ದು ಸುಳ್ಳಲ್ಲ," ಎಂದಳು. "ಕಮಾನು ಬ್ಯಾಡ ಅಂತ ನಾನೂ ಅನ್ನಕ್ಕಿಲ್ಲ. ಮನೇಲಿ ಕಷ್ಟ ಇದ್ದಾಗ ನಾವೇನ್ ಮಾಡ್ತೀವಿ? ಇರೋ ಒಸಿ ಹಿಟ್ಟನ್ನ ಮೊದ್ಲು ಮಕ್ಕಳ ತಟ್ಟೆಗೆ ಹಾಕ್ತೀವಿ. ಉಳುದ್ರೆ ದೊಡ್ಡೋರ್ಗೆ. ಪಂಚಾಯ್ತಿನೂ ಒಂದ್ ಮನೆನೇ. ಆ ಗೋಡೌನ್‌ಗೆ ಕೂಸ್ಗಳ್ನ ಹಾಕದು ಬ್ಯಾಡ. ಗಾಳಿ, ಬೆಳಕು, ಬಚ್ಚಲು ಎಲ್ಲ ಇರೋದು ಇಡೀ ಪಂಚಾಯ್ತೀಲಿ ಒಂದೇ ರೂಮು. ಅದು ನಂದು, ಅಧ್ಯಕ್ಷರ ರೂಮು. ಅದ್ನ ಕೊಟ್ಬುಡ್ತೀನಿ. ನಾನು ಸುಮನಾ ಮೇಡಂ ಪಕ್ಕ ಒಂದ್ ಕುರ್ಚಿ ಹಾಕ್ಕೊಂಡು ಕೂತ್ಕೋತೀನಿ. ಕಮಾನಿನ ದುಡ್ಡಲ್ಲಿ ಅಡಿಗೆಮನೆ, ಬೇಲಿ, ನೀರಿನ ವ್ಯವಸ್ಥೆ ಆಗ್ಲಿ. ಒಪ್ಪೋರು ಕೈ ಎತ್ತಿ."

ಅಧ್ಯಕ್ಷರ ಕೊಠಡಿಯನ್ನು ಯಾರಾದರೂ ಬಿಟ್ಟುಕೊಡಬಹುದೆಂದು ಅಲ್ಲಿ ಯಾರೂ ಎಣಿಸಿರಲಿಲ್ಲ.

ಮೊದಲ ಕೈ ಎದ್ದದ್ದು ಮುಂದಿನ ಸಾಲಿನಲ್ಲಿ. ಅದು ಅಶ್ವಥನ ತಾಯಿ ದೊಡ್ಡಲಕ್ಷ್ಮಮ್ಮನ ಕೈ. ಎಲೆ ಅಡಿಕೆ ಹಾಕಿಕೊಂಡಿದ್ದ ಮುದುಕಿ ಒಂದು ಕೈ ಸಾಲದೆಂದು ಎರಡನ್ನೂ ಎತ್ತಿದಳು.

"ಅವ್ವ, ಎಲ್ಡು ಕೈ ಎತ್ತಂಗಿಲ್ಲ ಕಣವ್ವ!" ಎಂದು ಯಾರೋ ಕೂಗಿದರು.

"ಒಂದ್ ನಂದು, ಒಂದ್ ನನ್ ಮಗಂದು," ಎಂದಳು ಮುದುಕಿ. "ಅವ್ನು ಎತ್ತಕ್ಕೆ ನಾಚ್ಕೋತಾವ್ನೆ."

ನಗುವಿನ ಅಲೆಯೇ ಎದ್ದಿತು. ಅದರ ಹಿಂದೆಯೇ ಕೈಗಳು ಎದ್ದವು. ಸಾಲುಸಾಲಾಗಿ ಆ ಸುಕ್ಕುಗಟ್ಟಿದ ಬಿಳಿ ಕೈಗಳು. ಕಾಲಿಗೆ ಬಟ್ಟೆ ಸುತ್ತಿದ್ದ ಮಗುವನ್ನು ಮಡಿಲಲ್ಲಿಟ್ಟುಕೊಂಡಿದ್ದ ಜಾರಾ, ಮಗುವಿನ ಕೈಯನ್ನೂ ತನ್ನ ಕೈಯ ಜೊತೆ ಮೇಲೆತ್ತಿದಳು. ಗಂಡಸರೂ ಎತ್ತಿದರು. ಅಶ್ವಥನ ಹುಡುಗರಲ್ಲಿ ಕೆಲವರು ಅತ್ತಿತ್ತ ನೋಡಿ, ಸಭೆಯಲ್ಲಿದ್ದ ಹೆಂಡಿರನ್ನು ಕಂಡು, ಅವರೂ ಎತ್ತಿದರು. ಎಣಿಸುವ ಅಗತ್ಯವೇ ಬೀಳಲಿಲ್ಲ. ಅಶ್ವಥ ತಾಯಿಯನ್ನೂ ಸಭೆಯನ್ನೂ ನೋಡಿದ. ಆಮೇಲೆ ಏನನ್ನಿಸಿತೋ, ತಾನೂ ನಕ್ಕುಬಿಟ್ಟ.

ಮಾರನೇ ವಾರ ತಿರುಗುವ ಕುರ್ಚಿ ಆಚೆ ಬಂತು, ತೊಟ್ಟಿಲುಗಳು ಒಳಗೆ ಹೋದವು. ಎ.ಸಿ. ಬಿಚ್ಚಿಸಬೇಕೇ ಎಂದು ಸುಮನಾ ಕೇಳಿದ್ದಕ್ಕೆ, "ಇರ್ಲಿ ಬುಡಿ ಮೇಡಂ, ಬ್ಯಾಸ್ಗೇಲಿ ಮಕ್ಕ್ಳು ತಣ್ಣಗೆ ಮಲಗ್ಲಿ," ಎಂದಳು ಲತಾಮಣಿ. ತರಬೇತಿ ಪಡೆದು ಮಕ್ಕಳನ್ನು ನೋಡಿಕೊಳ್ಳಲು ಬಂದವರಲ್ಲಿ ಜಾರಾಳೂ ಒಬ್ಬಳು. ಚನ್ನಪಟ್ಟಣದ ಗೊಂಬೆ ಕೆಲಸದವರೊಬ್ಬರು ಸುದ್ದಿ ಕೇಳಿ ಒಂದು ಮೂಟೆ ಮರದ ಗಿಲಕಿ, ಬುಗುರಿ, ತಳ್ಳುಗಾಡಿ ತಂದು ಸುರಿದು ಹೋದರು. ಎಲ್ಲವೂ ಸಲೀಸಾಗಿ ನಡೆಯಿತೆಂದಲ್ಲ. ನಡುವೆ ಕೆಲವು ತಿಂಗಳು ಮಕ್ಕಳನ್ನು ನೋಡಿಕೊಳ್ಳುವವರಿಗೆ ಸರ್ಕಾರದಿಂದ ಸಂಬಳ ಬರಲಿಲ್ಲ. ಆಗ ಮನೆಮನೆಯಿಂದ ರಾಗಿ ಬಂತು, ಹಾಲು ಬಂತು. ಕೂಸಿನ ಮನೆಯ ಬಾಗಿಲು ಒಂದು ದಿನವೂ ಮುಚ್ಚಲಿಲ್ಲ. ಸ್ವಾಮಿಯ ಬಾಡಿಗೆಯೂ ನಿಲ್ಲಲಿಲ್ಲ. ಫಿಲೇಚರಿನ ಹೆಂಗಸರೇ ತಮ್ಮ ಮಾಲೀಕರಿಗೆ ಹೇಳಿ ಗೂಡು ಸಾಗಿಸುವ ಕೆಲಸ ಕೊಡಿಸಿದರು. ಅವಿಶ್ವಾಸದ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ.

ಕನಕಪುರದಿಂದ, ಮಾಗಡಿಯಿಂದ ಸದಸ್ಯೆಯರು ಬಸ್ಸು ಮಾಡಿಕೊಂಡು ನೋಡಲು ಬರತೊಡಗಿದರು. ಒಂದು ದಿನ ಮರಳವಾಡಿ ಕಡೆಯ ಪಂಚಾಯಿತಿಯೊಂದರ ಅಧ್ಯಕ್ಷೆ ಭಾನುಪ್ರಿಯ ಫೋನು ಮಾಡಿ, ತಮ್ಮ ಊರಿಗೆ ಬಂದು ನಾಲ್ಕು ಮಾತು ಹೇಳಬೇಕೆಂದು ಕೇಳಿಕೊಂಡಳು. ವಯಸ್ಸಿನಲ್ಲಿ ಪ್ರತಿಮಾಳಿಗಿಂತ ಸ್ವಲ್ಪವೇ ದೊಡ್ಡವಳು. ಲತಾಮಣಿ ಹೋದಳು. ಶಾಲು ಹೊದಿಸಿ ವೇದಿಕೆಗೆ ಕರೆದಾಗ, "ಭಾಷಣ ಆಮ್ಯಾಕೆ ಆಗ್ಲಿ," ಎಂದಳು. "ಮೊದ್ಲು ನಿನ್ ರೂಮು ತೋರ್ಸವ್ವ."

ಭಾನುಪ್ರಿಯ ನಾಚುತ್ತ ಬಾಗಿಲು ತೆರೆದಳು. ದೊಡ್ಡ ಕೊಠಡಿ, ಹೊಸ ಬಣ್ಣ. ಲತಾಮಣಿ ಕಿಟಕಿ ತೆಗೆದು ಬಿಸಿಲು ಎಲ್ಲಿಯವರೆಗೆ ಬರುತ್ತದೆಂದು ನೋಡಿದಳು. ನೆಲ ಜಾರುತ್ತದೆಯೇ ಎಂದು ಚಪ್ಪಲಿ ಬಿಟ್ಟು ಅಡ್ಡಾಡಿದಳು. ಬಚ್ಚಲಿನ ನಲ್ಲಿ ತಿರುಗಿಸಿದಳು. ನೀರು ಭರ್ರೆಂದು ಬಂತು.

"ಬೋ ಪಸಂದಾಗೈತೆ," ಎಂದಳು ತಿರುಗಿ. "ಇಲ್ಲಿ ಇಪ್ಪತ್ತು ಮಕ್ಕ್ಳು ಆರಾಮಾಗಿ ಮಲಗ್ಬೋದು. ನೀನೆಲ್ಲಿ ಕೂತ್ಕೋತೀಯ, ಜಾಗ ನೋಡ್ಕೊ."

ಬಾಗಿಲಲ್ಲಿ ತುಂಬಿ ನಿಂತಿದ್ದ ಹೆಂಗಸರು ಹೋ ಎಂದು ನಕ್ಕರು. ಭಾನುಪ್ರಿಯಳೂ ನಕ್ಕು, ಒಳಗೆ ಬಂದು, ಮೇಜಿನ ಒಂದು ತುದಿ ಹಿಡಿದು, ಇನ್ನೊಂದು ತುದಿ ಹಿಡಿಯಿರೆಂದು ಅವರನ್ನು ಕರೆದಳು.