ದೇವರ ಮೇವಿಗೆ ಕಪಿಲೆಯ ನೀರು

ಹನುಮಂತನಪಟ್ಟಿಯ ಗೋವಿಂದಮ್ಮಾಳ್ ದೇವರಿಗೆ ಕೊಟ್ಟ ಮಾತನ್ನು ಮರೆಯತಕ್ಕ ಹೆಂಗಸಲ್ಲ. ದೇವರೇ ಮರೆತರೂ ಈಕೆ ಹೋಗಿ ನೆನಪು ಮಾಡಿಕೊಟ್ಟಾಳು ಎಂದು ಆಕೆಯ ಗಂಡ ಅಯ್ಯಾವು ನಗೆಯಾಡುತ್ತಿದ್ದನು. ಈ ಸಲದ ಹರಕೆಗಾದರೋ ಆ ಗಂಡನೇ ಕಾರಣನು. ಪೆರಿಯಾರಿನ ಅಣೆಕಟ್ಟಿನ ಕೆಲಸ ಮಲೆಯ ಮೇಲೆ ನಡೆದಿದ್ದ ಕಾಲವದು. ಗಾಡಿಯಲ್ಲಿ ಸುಣ್ಣ ಹೇರಿಕೊಂಡು ಘಟ್ಟವನ್ನೇರಿದ ಅಯ್ಯಾವು ಇಳಿಯುವಾಗ ಕಾಡುಜ್ವರವನ್ನು ಹೊತ್ತು ಇಳಿದನು. ಅವನ ಜೊತೆಗೆ ಏರಿದವರಲ್ಲಿ ಕೆಲವರು ಇಳಿಯಲೇ ಇಲ್ಲ. ಮೈ ಕೆಂಡವಾಗಿ, ಹೆಂಡತಿಯ ಗುರುತೂ ಹತ್ತದೆ ಅವನು ಮಲಗಿದ್ದಾಗ ಆಕೆ ಕಂಬವೆಂಬ ಊರಿನ ದೇವರ ದಿಕ್ಕಿಗೆ ಕೈಮುಗಿದು, ‘ಇವರು ಎದ್ದು ಕುಳಿತರೆ ಬಾವಿಯ ಪಕ್ಕದ ಹೊಲದಲ್ಲೆಲ್ಲ ಹಸಿಜೋಳ ಬೆಳೆದು ನಿನ್ನ ಹಿಂಡಿಗೆ ಉಣಿಸುವೆನು’ ಎಂದು ಬೇಡಿಕೊಂಡಳು. ಅಯ್ಯಾವು ಎದ್ದು ಕುಳಿತನು. ಗೋವಿಂದಮ್ಮಾಳ್ ಜೋಳ ಬಿತ್ತಿದಳು.

ಆ ಹಿಂಡೆಂದರೆ ತಮಿಳು ಸೀಮೆಗೆ ಬಂದು ನೆಲೆಸಿದ ಕನ್ನಡದ ಒಕ್ಕಲುಮಕ್ಕಳು ಕಂಬದಲ್ಲಿ ದೇವರ ಹೆಸರಿಗೆ ಬಿಟ್ಟು ಸಾಕಿಕೊಂಡು ಬಂದ ದನಗಳ ಹಿಂಡು. ಅವುಗಳ ಹೆಗಲಿಗೆ ನೊಗವಿಲ್ಲ, ಹಾಲಿಗೆ ಬೆಲೆಯಿಲ್ಲ. ಸತ್ತರೆ ಮನೆಯ ಹಿರಿಯರಂತೆ ಮಣ್ಣುಮಾಡುತ್ತಾರೆ. ಹಿಂಡಿನ ಮುಂದಾಳಾದ ಪಟ್ಟದ ಬಸವನು ಯಾರ ಹೊಲಕ್ಕೆ ನುಗ್ಗಿದರೂ ಯಾರೂ ಕೋಲೆತ್ತರು. ಅವನು ಮುಟ್ಟಿದ್ದು ಒಳ್ಳೆಯದು, ಮೂಸಿ ಬಿಟ್ಟದ್ದು ಬೇಡವಾದದ್ದು. ಹಿಂದಿನಿಂದ ನಡೆದು ಬಂದ ನಂಬಿಕೆ ಇದು. ಪೊಂಗಲಿನ ಮರುದಿನ ಆ ಹಿಂಡಿಗೆ ಮೇವು ಮುಟ್ಟಿಸುವುದು ಹರಕೆಯ ಕ್ರಮವಾಗಿತ್ತು.

ಪೈರು ಮೊಣಕಾಲುದ್ದ ಬಂದಿತ್ತು. ಒಂದು ಬೆಳಗ್ಗೆ ಗೋವಿಂದಮ್ಮಾಳ್ ಎತ್ತು ಕಟ್ಟಿ ಕಪಿಲೆ ಹೊಡೆಯುತ್ತಿದ್ದಾಗ ಬಾವಿಯೊಳಗಿಂದ ಮೇಲೇರುತ್ತಿದ್ದ ಕಬ್ಬಿಣದ ಬಾನಿಯು ಅರ್ಧದಾರಿಯಲ್ಲೇ ಬರಿದಾಯಿತು. ಬಾನಿಯ ಅಡಿಗೆ ಹೊಲಿದಿದ್ದ ಚರ್ಮದ ಸೊಂಡಿಲು ಮೇಲಿನಿಂದ ಕೆಳಗಿನವರೆಗೆ ಸೀಳಿಹೋಗಿತ್ತು. ನೀರನ್ನು ಬಾನಿಯಿಂದ ಕಾಲುವೆಗೆ ಸುರಿಯುವುದು ಆ ಸೊಂಡಿಲೇ. ಅದು ಹೋದರೆ ಎತ್ತುಗಳು ಸುಮ್ಮನೆ ಇಳಿದು ಹತ್ತಿದಂತೆ. ಮಾವನ ಕಾಲದ ಕಪಿಲೆ, ಹಳೆಯ ಚರ್ಮ, ಹರಿಯುವುದು ಸಹಜ. ಆದರೆ ಕೃತಜ್ಞತೆಯಿಂದ ತುಂಬಿದ ಮನಸ್ಸು ಸಹಜವಾದದ್ದನ್ನು ಸಹಜವೆಂದು ಎಣಿಸುವುದಿಲ್ಲ. ಗೋವಿಂದಮ್ಮಾಳ್ ಆ ಸೀಳನ್ನೇ ನೋಡುತ್ತ ಬಾವಿಕಟ್ಟೆಯ ಮೇಲೆ ಬಹಳ ಹೊತ್ತು ಕುಳಿತಳು.

ಊರ ಕಪಿಲೆಗಳಿಗೆಲ್ಲ ಚರ್ಮದ ಕೆಲಸ ಮಾಡುತ್ತಿದ್ದ ಚಿನ್ನತಂಬಿ ಸುದ್ದಿ ಕೇಳಿ ಹೊಸ ಸೊಂಡಿಲನ್ನು ಹೆಗಲಮೇಲೆ ಹಾಕಿಕೊಂಡು ಬಂದನು. ಕೇರಿಯವನಾದ್ದರಿಂದ ಬೇಲಿಯಾಚೆಯೇ ನಿಂತು ಕೂಗಿದನು.

“ಅಮ್ಮಾ, ಸೊಂಡ್ಲು ತಂದಿವ್ನಿ.”

“ತಕ್ಕೊಂಡೋಗಪ್ಪ, ನಮಗೆ ಬ್ಯಾಡ.”

“ಬ್ಯಾಡ್ವಾ? ಹಳೇದು ಹರ್ದೋಯ್ತು ಅಂದ್ರು?”

“ಅದು ತಾನಾಗಿ ಹರ್ದದ್ದಲ್ಲ, ದೇವ್ರು ಹರ್ಸಿದ್ದು. ಹಸು ತಿನ್ನೋ ಮೇವಿಗೆ ಹಸುವಿನ ತೊಗಲಲ್ಲಿ ನೀರು ಬಿಡ್ತಿದ್ದೆನಲ್ಲ, ಪಾಪಿ ನಾನು!”

“ಇದು ಎಮ್ಮೆ ತೊಗಲಮ್ಮಾ.”

“ಎಮ್ಮೆ ಏನು ಮೀನಾ? ಅದೂ ಹಿಂಡಿನ ಒಡಹುಟ್ಟೇ.”

ಜಗಲಿಯ ಮೇಲೆ ಕಂಬಳಿ ಹೊದೆದು ಕುಳಿತಿದ್ದ ಅಯ್ಯಾವು ಬಾಯಿ ಹಾಕಿದನು. “ಚಿನ್ನತಂಬೀ, ಹುಲಿ ತೊಗಲಿದ್ರೆ ನೋಡೋ. ಹಿಂಡು ವಾಸ್ನೆ ಹಿಡ್ದು ಮಲಯಾಳಕ್ಕೇ ಓಡ್ಲಿ.”

“ನೀವು ಸುಮ್ಕಿರಿ. ನಿಮ್ಮ ಉಸಿರಿಗೇ ಈ ಹರಕೆ ಹೊತ್ತಿರೋದು,” ಎಂದಳು ಗೋವಿಂದಮ್ಮಾಳ್.

ಚಿನ್ನತಂಬಿ ನಗಲಿಲ್ಲ. “ಶೆರಿ ಅಮ್ಮಾ. ಊರೆಲ್ಲ ಉಣ್ಣೋ ಅನ್ನಕ್ಕೆ ನನ್ ಕೈಕೆಲ್ಸ ಆಯ್ತದೆ, ದೇವ್ರ ಹುಲ್ಲಿಗೆ ಆಗಲ್ಲ,” ಎಂದು ಹೇಳಿ ಹೊರಟುಹೋದನು. ಆ ಮಾತು ಆಕೆಯನ್ನು ಚುಚ್ಚಿತು, ಆದರೂ ಅವನನ್ನು ತಿರುಗಿ ಕರೆಯಲಿಲ್ಲ.

ಅಂದಿನಿಂದ ಗೋವಿಂದಮ್ಮಾಳ್ ಬಾವಿಯ ಮೆಟ್ಟಿಲಿಳಿದು ಕೊಡದಲ್ಲಿ ನೀರು ಹೊರತೊಡಗಿದಳು. ನಡು ಬಿದ್ದುಹೋಗುವವರೆಗೆ ಹೊತ್ತರೂ ಒಂದು ಮೂಲೆ ನೆನೆಯುವಷ್ಟರಲ್ಲಿ ಮತ್ತೊಂದು ಮೂಲೆ ಬಿರಿಯುತ್ತಿತ್ತು. ಜೋಳದ ಗರಿಗಳು ಸುರುಳಿ ಸುತ್ತಿದವು. ಪೊಂಗಲು ಹತ್ತಿರವಾಗುತ್ತಿತ್ತು, ಹೊಲ ಒಣಗಿದರೆ ಮಾತು ತಪ್ಪಿದಂತೆ, ಮಾತು ತಪ್ಪಿದರೆ ಗಂಡನಿಗೆ ಜ್ವರ ಮರಳೀತೆಂಬ ಭಯ ಆಕೆಯ ಎದೆಯಲ್ಲಿ ಕುಳಿತಿತ್ತು. ಅದನ್ನು ಆಕೆ ಗಂಡನಿಗೆ ಹೇಳಲಿಲ್ಲ. ಅವನು ಕೆಮ್ಮಿದಾಗಲೆಲ್ಲ ಕೊಡ ಇಳಿಸಿ ಅವನ ಹಣೆ ಮುಟ್ಟಿನೋಡುತ್ತಿದ್ದಳು.

ಮುಂದೊಂದು ಮಧ್ಯಾಹ್ನ ಚಿನ್ನತಂಬಿ ಅದೇ ಸೊಂಡಿಲನ್ನು ಬೇರೊಂದು ತೋಟಕ್ಕೆ ಒಯ್ಯುತ್ತಿರುವುದನ್ನು ಅಯ್ಯಾವು ಕಂಡನು. ಮಲಗಿ ಮಲಗಿ ಬೇಸತ್ತಿದ್ದ ಅವನಿಗೆ ಹೊತ್ತು ಹೋಗಬೇಕಾಗಿತ್ತು. “ಲೋ, ಬಾವಿತಾವ ಬಾರೋ. ನೀರು ತುಂಬಿ ತೋರ್ಸು, ಹೊಲಿಗೆ ಸೋರ್ತದಾ ನೋಡಾಣ.”

ಚಿನ್ನತಂಬಿ ಸೊಂಡಿಲಿನ ಕಿರಿದಾದ ತುದಿಯನ್ನು ಬಿಗಿದುಕಟ್ಟಿ, ಅಗಲವಾದ ಬಾಯಿಯನ್ನು ಎರಡು ಕೈಗಳಲ್ಲಿ ಹಿಡಿದು ನಿಂತನು. ಮೇಲುಕುಲದವರ ಬಾವಿಯನ್ನು ಅವನು ಮುಟ್ಟುವಂತಿಲ್ಲ. ಕೊಡ ಹೊತ್ತು ಮೆಟ್ಟಿಲೇರಿ ಬಂದ ಗೋವಿಂದಮ್ಮಾಳ್ ತನ್ನ ಕೊಡವನ್ನೇ ಅದರಲ್ಲಿ ಸುರಿದಳು. ಒಂದು ಹನಿಯೂ ಸೋರಲಿಲ್ಲ.

ಆ ವರ್ಷ ದೇವರ ಹಿಂಡು ಹನುಮಂತನಪಟ್ಟಿಯ ಹತ್ತಿರದ ಬೆಟ್ಟದ ತಪ್ಪಲಿನಲ್ಲಿ ಮೇಯುತ್ತಿತ್ತು. ಬಿಸಿಲಿಗೆ ಬಾಯಾರಿ ನೀರಿನ ವಾಸನೆ ಹಿಡಿದು ಬಂದ ಪಟ್ಟದ ಬಸವನು ಬೇಲಿಯ ಸಂದಿನಲ್ಲಿ ನುಸುಳಿ, ಮೂವರ ನಡುವೆ ಬಂದು ನಿಂತನು. ಚಿನ್ನತಂಬಿ ಕದಲಲಿಲ್ಲ, ಕದಲುವ ಧೈರ್ಯವೂ ಅವನಿಗಿರಲಿಲ್ಲ. ಬಸವನು ಒಮ್ಮೆ ಮೂಸಿದನು, ಉಸಿರು ಬಿಟ್ಟನು. ಆಮೇಲೆ ಮೂತಿಯನ್ನು ಕಣ್ಣಿನವರೆಗೂ ಸೊಂಡಿಲೊಳಗೆ ಇಳಿಸಿ ತಳದ ನೀರು ಬತ್ತುವವರೆಗೆ ಕುಡಿದನು. ಮೂಗಿನ ನೀರನ್ನು ಚಿನ್ನತಂಬಿಯ ಎದೆಗೆ ಒರೆಸಿ ಬಂದ ದಾರಿಯಲ್ಲೇ ಹೋದನು.

ಗೋವಿಂದಮ್ಮಾಳ್ ಬರಿಗೊಡ ಹಿಡಿದುಕೊಂಡೇ ನೆಲಕ್ಕೆ ಹಣೆ ಹಚ್ಚಿದಳು. ಎದ್ದವಳೇ, “ಹಾಕಪ್ಪ, ಈಗಲೇ ಹಾಕು,” ಎಂದಳು.

“ಇದು ಬೇರೆಯವರಿಗೆ ಒಪ್ಕೊಂಡದ್ದು.”

“ಅವರಿಗೆ ಇನ್ನೊಂದು ಹೊಲ್ಕೊಡು. ನಾನು ಅಂದ ಮಾತು ತಪ್ಪು, ಚಿನ್ನತಂಬಿ.”

ಅವನು ಸೊಂಟದಿಂದ ಉಳಿಯನ್ನು ತೆಗೆದನು.

ಹಳೆಯ ಬಾರುಗಳನ್ನು ಕೊಯ್ದು ಬಿಸುಟು, ಬಾನಿಯ ಅಂಚಿನ ತುಕ್ಕನ್ನು ಉಜ್ಜಿ ತೆಗೆದಮೇಲೆ, ಹೊಸ ಚರ್ಮವನ್ನು ಎಳೆದು ಅಂಚಿಗೆ ಹೊಂದಿಸಿ ತೂತುಗಳಲ್ಲಿ ಬಾರು ಪೋಣಿಸಬೇಕು. ಬಾನಿ ಉರುಳದಂತೆ ಹಿಡಿಯಲು ಮತ್ತೊಬ್ಬರು ಬೇಕು. ಅಯ್ಯಾವಿನ ಕೈಯಲ್ಲಿ ಇನ್ನೂ ಬಲವಿರಲಿಲ್ಲ. ಗೋವಿಂದಮ್ಮಾಳ್ ಸೆರಗು ಬಿಗಿದು, ಬಾನಿಯನ್ನು ಮೊಣಕಾಲುಗಳ ನಡುವೆ ಒತ್ತಿ, ಒದ್ದೆ ಚರ್ಮವನ್ನು ಎರಡು ಕೈಯಲ್ಲೂ ಹಿಡಿದಳು.

“ಮೈಲಿಗೆ ಆಯ್ತದಮ್ಮಾ,” ಎಂದು ಚಿನ್ನತಂಬಿ ಕೈ ಹಿಂದೆಗೆದನು.

“ಬಸವ ಮೂತಿ ಇಟ್ಟದ್ದಕ್ಕೆ ನಾನು ಕೈಯಿಡಬಾರ್ದಾ? ಬಿಗಿಯಾಗಿ ಎಳೀ.”

ಬಾರು ಬಿಗಿದು, ಹೊಲಿಗೆಗೆ ಹೊಂಗೆಯೆಣ್ಣೆ ತಿಕ್ಕಿ, ಸೊಂಡಿಲಿನ ತುದಿಗೆ ಸಣ್ಣ ಹಗ್ಗ ಕಟ್ಟಿದರು. ದೊಡ್ಡ ಹಗ್ಗ ಬಾನಿಯನ್ನೆಳೆದರೆ, ಸಣ್ಣ ಹಗ್ಗವು ಸೊಂಡಿಲನ್ನು ಮೇಲಕ್ಕೆ ಮಡಿಸಿ ಹಿಡಿಯುತ್ತದೆ. ಬೇಡವೆಂದರೂ ಕೇಳದೆ ಅಯ್ಯಾವೇ ಬಂದು ಎತ್ತುಗಳನ್ನು ಇಳಿಜಾರಿಗೆ ಬಿಟ್ಟನು. ಮೊದಲ ಸಲ ಅರ್ಧ ನೀರು ಬಾವಿಗೇ ಬಿತ್ತು.

“ಬಾವಿಗೆ ಬಾಯಾರಿಕೆ ಜಾಸ್ತಿ,” ಎಂದನು ಅಯ್ಯಾವು.

“ಸಣ್ಣ ಹಗ್ಗ ಉದ್ದ ಆಗ್ಯದೆ ಗೌಂಡರೇ, ನಿಮ್ಮ ನಾಲಿಗೆ ಹಂಗೆ,” ಎಂದು ಚಿನ್ನತಂಬಿ ಅದನ್ನು ಮೊಟಕುಮಾಡಿ ಕಟ್ಟಿದನು. ಎರಡನೆಯ ಸಲ ಬಾನಿ ತುಂಬಿಕೊಂಡೇ ಮೇಲೆ ಬಂದಿತು. ಸೊಂಡಿಲು ಮುಂದಕ್ಕೆ ಚಾಚಿ ಕಾಲುವೆಗೆ ನೀರನ್ನು ಸುರಿಯಿತು. ಒಣಗಿದ ಕಾಲುವೆಯ ಮಣ್ಣನ್ನು ನೆಕ್ಕುತ್ತ ನೀರು ಜೋಳದ ಬುಡಕ್ಕೆ ಹೋಗಿ ಮುಟ್ಟುವವರೆಗೂ ಗೋವಿಂದಮ್ಮಾಳ್ ಅದರ ಜೊತೆಗೇ ನಡೆದಳು.

ಪೈರು ಚೇತರಿಸಿಕೊಂಡಿತು. ಪೊಂಗಲಿನ ಮರುದಿನ ಗಾಡಿಯ ತುಂಬ ಹಸಿಮೇವು ಕಂಬಕ್ಕೆ ಹೋಯಿತು. ಗಾಡಿ ಹೊಡೆದವನು ಅಯ್ಯಾವು. ಗೋವಿಂದಮ್ಮಾಳಿನ ಒತ್ತಾಯಕ್ಕೆ ಚಿನ್ನತಂಬಿಯೂ ಗಾಡಿಯ ಹಿಂದೆ ನಡೆದು ಬಂದಿದ್ದನು. ದೊಡ್ಡಿಯಲ್ಲಿ ಮೇವು ಹಾಕುವ ಮೊದಲು, ಕೊಟ್ಟವರ ಹೆಸರನ್ನು ಹಿಂಡು ಕಾಯುವ ಕಿಲಾರಿಯು ದೇವರಿಗೆ ಕೇಳುವಂತೆ ಕೂಗಿ ಹೇಳುವುದು ವಾಡಿಕೆ.

“ಯಾರ ಮೇವಮ್ಮಾ?”

“ಹನುಮಂತನಪಟ್ಟಿ ಅಯ್ಯಾವು ಗೌಂಡರದು. ಚಿನ್ನತಂಬಿದು.”

ಕಿಲಾರಿಯು ದೂರದಲ್ಲಿ ನಿಂತಿದ್ದವನನ್ನು ನೋಡಿದನು. “ಆ ಕೇರಿ ಹೆಸರು ಇಲ್ಲಿ ಕೂಗಿದ್ದಿಲ್ಲಮ್ಮಾ.”

“ನೀರು ಬಂದದ್ದು ಅವನ ಕೈಯಿಂದ. ಅವನ ಹೆಸರು ಬಿಟ್ರೆ ನನ್ನ ಹರಕೆ ಅರ್ಧಕ್ಕೇ ನಿಲ್ತದೆ. ಕೂಗಪ್ಪ.”

ಕಿಲಾರಿಯು ಗಂಟಲು ಸರಿಮಾಡಿಕೊಂಡು ಎರಡು ಹೆಸರುಗಳನ್ನೂ ಕೂಗಿದನು. ಅಷ್ಟರಲ್ಲಿ ಬಸವನು ಹೆಸರಿಗಾಗಿ ಕಾಯದೆ ಗಾಡಿಯಿಂದಲೇ ಒಂದು ಕಂತೆಯನ್ನೆಳೆದುಕೊಂಡು ತಿನ್ನತೊಡಗಿದ್ದನು.